ಚಾಚಿದ ಕೂಸು

ಸೊಂಟದ ಮಟ್ಟದ ನೀರಿಗಿಳಿದ ಕಾಡಿನ ಹೆಂಗಸು ತನ್ನ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಅಂಬಿಗನ ಕಡೆಗೆ ಚಾಚಿದಳು. ಇಷ್ಟು ವರ್ಷ ದೋಣಿ ಕಂಡರೆ ಬಾಣದ ಮಳೆಗರೆಯುತ್ತಿದ್ದ ಅವಳ ಜನ ಇವತ್ತು ಬಿಲ್ಲು ಕೆಳಗಿಳಿಸಿ ದಡದಲ್ಲಿ ನಿಂತಿದ್ದರು. ಹೊರಗಿನವರನ್ನು ಇಷ್ಟು ಹತ್ತಿರ ಬಿಟ್ಟುಕೊಂಡದ್ದು ಇದೇ ಮೊದಲು.

“ಎತ್ಕೊಳ್ಳಪ್ಪ,” ದೋಣಿಯಲ್ಲಿ ಅವನ ಹಿಂದೆ ಕೂತಿದ್ದ ಡಾಕ್ಟರಮ್ಮ ಪಿಸುಗುಟ್ಟಿದರು. “ಬೇಡ ಅಂದ್ರೆ ಅವಮಾನ ಆಗುತ್ತೆ. ನಿನ್ನ ಮೀಸೆ ಮೆಚ್ಚಿರಬೇಕು, ನನಗಂತೂ ಕೊಡ್ಲಿಲ್ಲ.”

ಅಂಬಿಗನ ಕೈ ಅರ್ಧ ಹೋಗಿತ್ತು. ಅಷ್ಟರಲ್ಲಿ ಗಂಟಲೊಳಗೆ ಇರುವೆ ಹರಿದ ಹಾಗಾಯಿತು, ಮೂಗಿನ ಬುಡ ಉರಿಯಿತು. ಮನೆಯಲ್ಲಿ ಮಗಳು ನಿನ್ನೆಯಿಂದ ಸೀನುತ್ತಿದ್ದುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ. ನಾವು ಮೂಗು ಒರೆಸಿಕೊಂಡು ಮರೆಯುವ ನೆಗಡಿ, ಅದನ್ನು ಕಂಡೇ ಇರದ ಈ ಮೈಗಳಿಗೆ ಹೊಕ್ಕರೆ ಬಣವೆಗೆ ಕಿಡಿ ಬಿದ್ದಂತೆ. ಹೊಳೆಯ ಕೆಳಗಿನ ತಿರುವಿನಲ್ಲಿದ್ದ ಬೇರೆ ಕಾಡುಜನರ ಗುಡಿಸಲುಗಳೆಲ್ಲ ಹಾಗೇ ಖಾಲಿಯಾದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹೆಂಗಸು ನಗುತ್ತಾ ಇನ್ನೊಂದು ಹೆಜ್ಜೆ ಮುಂದಿಟ್ಟಳು. ಮಾತು ತಿಳಿಯದವಳಿಗೆ ಹೇಳುವುದಾದರೂ ಹೇಗೆ? ಅವನು ಉಸಿರು ಕಟ್ಟಿಕೊಂಡು, ಹುಟ್ಟನ್ನು ಮೇಲೆತ್ತಿ, ದೆವ್ವ ಮೆಟ್ಟಿದವನಂತೆ ಅವಳ ಮುಂದಿನ ನೀರಿಗೆ ರಪರಪನೆ ಬಡಿದ.

ಕೂಸು ಕಿಟಾರನೆ ಕಿರುಚಿತು. ತಾಯಿ ಅದನ್ನು ಎದೆಗವುಚಿಕೊಂಡು ದಡಕ್ಕೆ ಓಡಿದಳು. ಬಿಲ್ಲುಗಳು ಮೇಲೆದ್ದವು, ಒಂದು ಬಾಣ ದೋಣಿಯ ಅಂಚಿಗೆ ನಾಟಿತು. ಅಂಬಿಗ ದೋಣಿಯನ್ನು ನಡುಹೊಳೆಗೆ ತಂದು, ದಡಕ್ಕೆ ಬೆನ್ನು ಹಾಕಿ, ಮೊಣಕಾಲ ಸಂದಿಯಲ್ಲಿ ಮುಖ ಹುದುಗಿಸಿ ಸೀನಿದ. ಬೈಯಲು ಬಾಯಿ ತೆರೆದಿದ್ದ ಡಾಕ್ಟರಮ್ಮ ಆ ಸೀನು ಕೇಳಿ ಕರವಸ್ತ್ರ ತೆಗೆದು ಅವನತ್ತ ಚಾಚಿದರು. ಆಚೆ ಹೆಂಗಸು ಹಿಡಿಮಣ್ಣು ತೂರಿ ಶಾಪ ಹಾಕುತ್ತಿದ್ದಳು.

“ಬೈಲಿ ಬಿಡಿ ಡಾಕ್ಟ್ರಮ್ಮ,” ಅಂದ ಅಂಬಿಗ. “ಬೈಯೋಕೆ ಅವಳಿಗೆ ಉಸಿರಿರ್ಲಿ.”