ಬೈದರೆ ಹಾರುವವನು

"ನಿನ್ ಕೈಲಾಗಲ್ಲ, ಮನೆಗ್ ಹೋಗೋ ಲಂಬೂ!"

ಶಿವನಂಜಯ್ಯನವರು ಕೂಗಿದರೆ ಸಾಕು, ಇಡೀ ಗ್ಯಾಲರಿ ದನಿಗೂಡಿಸುತ್ತಿತ್ತು. ಮರುಕ್ಷಣವೇ ಲಂಬು ಬಾಸ್ಕೆಟ್ ಹಾಕುತ್ತಿದ್ದ.

"ಅಷ್ಟು ದೊಡ್ಡ ಆಟಗಾರನ ಮೇಲೆ ನಿಮಗ್ಯಾಕ್ ಸ್ವಾಮಿ ಇಷ್ಟು ಸಿಟ್ಟು?" ಪಕ್ಕದವರು ಕೇಳಿದರು.

"ಸಿಟ್ಟೆಲ್ಲಿ ಬಂತು? ನನ್ ಮಗ ಕಣ್ರೀ. ಚಿಕ್ಕಂದಿನಿಂದ್ಲೂ ಹಂಗೇ. ಹೊಗಳಿದ್ರೆ ಮಂಕಾಗ್ತಾನೆ, ಬೈದ್ರೆ ಹಾರ್ತಾನೆ."

ಅಷ್ಟರಲ್ಲಿ ಹಾರಿದ ಮಗ ಮಂಡಿ ಹಿಡಿದುಕೊಂಡು ಬಿದ್ದ. ಎದ್ದವನಿಗೆ ಕಾಲೂರಲು ಆಗಲಿಲ್ಲ. ಕೋಚ್ ಬಂದು ಹೊರಗೆ ಕರೆದೊಯ್ಯತೊಡಗಿದರು. ಶಿವನಂಜಯ್ಯನವರು ಗಾಬರಿಯಿಂದ ಎದ್ದು ನಿಂತು ಕೂಗಿದರು.

"ಸಾಕು ಮಗಾ, ನಿನ್ ಕೈಲಾಗಲ್ಲ, ಮನೆಗ್ ಹೋಗೋಣ ಬಾ!"

ಗ್ಯಾಲರಿ ಅದನ್ನೇ ಎತ್ತಿಕೊಂಡು ಕೂಗಿತು. "ಬೇಡ್ರಪ್ಪಾ, ಸುಮ್ನಿರಿ!" ಎಂದು ಅವರು ಕೈಮುಗಿದರು. ಯಾರಿಗೂ ಕೇಳಿಸಲಿಲ್ಲ.

ಮಗ ಅಪ್ಪನತ್ತ ನೋಡಿ ನಕ್ಕು, ಕೋಚ್ ಕೈ ಕೊಡವಿಕೊಂಡು, ಕುಂಟುತ್ತ ಅಂಕಣಕ್ಕೆ ಮರಳಿದ.