ನೀಲವ್ವ ಮರೆಯಬೇಕಾದ ಸಂಜೆ

ಶಿಶುವಿಹಾರದಲ್ಲಿ ಪಲ್ಲವಿಗೆ ಅದು ಕೊನೆಯ ದಿನ. ಮಗಳನ್ನು ಕರೆದೊಯ್ಯಲು ಬಂದ ಸುಮಂಗಲಾ ಬಾಗಿಲಲ್ಲೇ ನಿಂತುಬಿಟ್ಟಳು. ಮಗು ಬಿಟ್ಟುಹೋಗುವ ದಿನವೇ ಅದರ ಖಾಸಗಿ ಮಾಹಿತಿಯನ್ನೆಲ್ಲ ಸಂಸ್ಥೆ ಅಳಿಸಬೇಕೆಂದು ಕಾಯ್ದೆ. ಕಂಪ್ಯೂಟರಿನಿಂದಲೂ, ಸಿಬ್ಬಂದಿಯ ತಲೆಯಿಂದಲೂ. ಉಳಿಸಿಕೊಂಡರೆ ಬಾಗಿಲಿಗೆ ಬೀಗ. ತಾಯಿ ಒಪ್ಪಿದ್ದರೆ ಆಯಾಗಳ ನೆನಪಾದರೂ ಉಳಿಯುತ್ತಿತ್ತು. ಸೇರಿಸುವ ದಿನ ಸುಮಂಗಲಾ, ಎಲ್ಲ ಕಡೆ ಒತ್ತುವ ಹಾಗೆ, ಪರದೆಯ ಮೇಲೆ ಬಂದದ್ದನ್ನು ಓದದೆಯೇ ‘ಒಪ್ಪಿಗೆ ಇಲ್ಲ’ ಎಂದು ಒತ್ತಿದ್ದಳು.

“ಈಗ ಒಪ್ಪಿದ್ರ ನಡಿಯೂದಿಲ್ಲೇನ ಯವ್ವಾ?”

“ಇಲ್ಲವಾ, ಕೇಳಿ ನೋಡೇನಿ,” ಅಂದಳು ಆಯಾ ನೀಲವ್ವ. “ಅಳಬ್ಯಾಡ, ಲಕ್ಷ್ಯ ಕೊಟ್ಟು ಕೇಳು. ಆಮ್ಯಾಲೆ ಕೇಳಿದ್ರ ನನಗ ಗೊತ್ತಿರೂದಿಲ್ಲ. ಪಲ್ಲವಿ ಊಟ ಒಲ್ಲೆ ಅಂದ್ರ ಬಡೀಬ್ಯಾಡ, ಗಂಟಲ ನೋಯ್ತಿರತೈತಿ. ಮಲಗಸುವಾಗ ಬೆನ್ನ ತಟ್ಟಬ್ಯಾಡ, ಅಂಗಾಲ ಸವರು.”

ಹೆತ್ತವಳಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

“ನನ್ನ ಬೈದರ ಬೈಯಿ ಯವ್ವಾ.”

“ಹುಚ್ಚಿ! ಯಾಕ ಬೈದೆ ಅಂತ ನೆನಪರ ಇರಬೇಕಲ್ಲ ನನಗ.” ನೀಲವ್ವ ನಕ್ಕಳು. ಮಗುವಿನ ನೆತ್ತಿಯನ್ನು ಮೂಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನೆನಪು ಅಳಿಸುವ ಒಳಗಿನ ಕೋಣೆಗೆ ಹೋದಳು.

ಹೊರಗೆ ಬಂದಾಗ ಅವಳ ಮುಖ ಹಗುರಾಗಿತ್ತು. ಪಲ್ಲವಿ ಓಡಿಹೋಗಿ ಅವಳ ಸೀರೆ ಹಿಡಿದುಕೊಂಡಳು.

“ಯಾರ ಕೂಸಿದು? ಎಷ್ಟ ಚೆಂದ ಐತಿ! ನಿನ್ನ ಹೆಸರೇನವಾ?”

ಮಗು ಕೇಕೆ ಹಾಕಿ ನಕ್ಕಿತು. “ನೀನ ಹೇಳು!”

ನೀಲವ್ವ ನಗುತ್ತಾ ಬಗ್ಗಿ, ಉತ್ತರಕ್ಕೆ ಕಾದಳು. ಮಗುವೂ ಕಾಯುತ್ತಿತ್ತು.