ಬೋರ್ಡಿನ ಮೇಲೆ ಬರೆದ ನಾಲ್ಕು ತಾಸು

ಮೊದಲು ಕ್ಷಮೆ ಕೇಳುತ್ತೇನೆ... ನಾನು ಡಾಕ್ಟರ್ ಅಲ್ಲ. ಸಂಜೆ ಕಾಲೇಜಿನಲ್ಲಿ ಕಲಿತಷ್ಟೇ ನನ್ನ ಓದು. ಇದನ್ನು ಮೂರು ಸಲ ಟೈಪ್ ಮಾಡಿ ಅಳಿಸಿದ್ದೇನೆ.

ಆದರೂ ನಿಮ್ಮ ಮನೆಯಲ್ಲೂ ಪರೀಕ್ಷೆಗೆ ಓದುವವರು ಇರಬಹುದಲ್ಲ ಅಂತ ಧೈರ್ಯ ಮಾಡಿ ಕಳಿಸುತ್ತಿದ್ದೇನೆ...

ಧಾರವಾಡದಲ್ಲಿ ಒಂದು ರೀಡಿಂಗ್ ರೂಮ್. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ನಲವತ್ತು ಮಂದಿ, ಮೂರು ಫ್ಯಾನು.

ಬಾಗಿಲ ಪಕ್ಕ ಒಂದು ಬೋರ್ಡು. ಬೆಳಿಗ್ಗೆ ಬಂದವರು ತಮ್ಮ ಹೆಸರಿನ ಮುಂದೆ ಎರಡು ಅಂಕಿ ಬರೆಯಬೇಕು. ನಿನ್ನೆ ಎಷ್ಟು ತಾಸು ಓದಿದೆ... ಎಷ್ಟು ತಾಸು ಮಲಗಿದೆ.

ಯಾರೋ ಕೂತು ಮಾಡಿದ ನಿಯಮವಲ್ಲ, ಹಾಗೇ ನಡೆದುಬಂದದ್ದು. ಮಲಗಿದ ಅಂಕಿ ಸಣ್ಣದಾದಷ್ಟೂ ಮರ್ಯಾದೆ ಜಾಸ್ತಿ.

ಗುರುನಾಥ ಎಂಬವನದು ಯಾವಾಗಲೂ ಮೂರು.

ಇಪ್ಪತ್ಮೂರರ ದಾಕ್ಷಾಯಣಿ ಬಂದ ಮೊದಲ ದಿನ ಏಳು ಅಂತ ಬರೆದಳು.

"ಅಕ್ಕಾರು ಓದಾಕ ಬಂದಾರೋ, ಮಲಗಾಕ ಬಂದಾರೋ" ಅಂದ ಗುರುನಾಥ. ಎಲ್ಲರೂ ನಕ್ಕರು.

ಮರುವಾರ ಅವಳ ಅಂಕಿ ಆರಾಯಿತು... ಆಮೇಲೆ ಐದು... ಆಮೇಲೆ ನಾಲ್ಕು. ಹತ್ತು ತಿಂಗಳು ನಾಲ್ಕರಲ್ಲೇ ನಿಂತಿತು. ಮೂರಕ್ಕೆ ಇಳಿಯಲು ಎಷ್ಟು ಒದ್ದಾಡಿದರೂ ಆಗಲಿಲ್ಲ, ಅದೇ ಅವಳಿಗೊಂದು ಕೊರಗು.

ನಿಧಾನಕ್ಕೆ ಏನೇನೋ ಶುರುವಾಯಿತು. ನಿನ್ನೆ ಓದಿದ ಪುಟ ಇವತ್ತು ಹೊಸದಾಗಿ ಕಾಣುವುದು... ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಪೆನ್ನು ಹುಡುಕುವುದು...

ಒಂದು ಮಧ್ಯಾಹ್ನ ಅವಳು ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಳು. "ಬಸಲಿಂಗವ್ವ, ಎರಡು ರೊಟ್ಟಿ ಹಾಕ್ರಿ."

ಮೆಸ್ಸಿನ ಬಸಲಿಂಗವ್ವ ಅವಳ ಮುಖ ನೋಡಿದಳು. "ಈಗರ ಉಂಡ್ ಹೋದಿಯಲ್ಲವಾ... ಬದ್ನಿಕಾಯಿ ಪಲ್ಯ ಬೇಷ್ ಆಗೈತಿ ಅಂದಿ. ಇಷ್ಟ್ ಲಗೂನ ಹಸಿವಾತೇನು?"

"ಪಲ್ಯದ ಮಹಿಮಾ" ಅಂತ ಹಿಂದೆ ಯಾರೋ ನಕ್ಕರು.

ದಾಕ್ಷಾಯಣಿಗೆ ನಗು ಬರಲಿಲ್ಲ. ಉಂಡದ್ದು ನೆನಪಿಲ್ಲ... ಆದರೆ ನಾಲಿಗೆಯ ಮೇಲೆ ಇನ್ನೂ ಆ ಪಲ್ಯದ ಗುರೆಳ್ಳು ಪುಡಿಯ ರುಚಿ ಇತ್ತು.

ಊರಲ್ಲಿ ಅವಳ ಅಜ್ಜಿಗೆ ಮರೆವಿನ ಕಾಯಿಲೆ. ಉಂಡ ಅರ್ಧ ತಾಸಿಗೇ ಮತ್ತೆ ತಟ್ಟೆ ಹಿಡಿದು ಬಂದು "ಯಾರೂ ನನಗ ಉಣ್ಣಾಕ ಕೊಟ್ಟಿಲ್ಲ" ಅನ್ನುತ್ತಿದ್ದಳು.

"ಎಷ್ಟ್ ಸಲ ಹೇಳಬೇಕ ನಿನಗ" ಅಂತ ಗದರುತ್ತಿದ್ದವಳು ಇದೇ ದಾಕ್ಷಾಯಣಿ.

ಅವತ್ತೇ ಸಂಜೆ ಆಸ್ಪತ್ರೆಗೆ ಹೋದಳು. "ನನ್ನ ತಲಿ ಸ್ಕ್ಯಾನ್ ಮಾಡಸ್ರಿ ಮೇಡಂ... ನಮ್ಮ ಅಜ್ಜಿದು ನನಗ ಬಂದೈತಿ."

ವಯಸ್ಸಾದ ಲೇಡಿ ಡಾಕ್ಟರ್ ಎಲ್ಲ ಕೇಳಿಸಿಕೊಂಡು, "ದಿನಾ ಎಷ್ಟ್ ತಾಸು ಮಲಗತೀಯವಾ?" ಅಂದರು.

"ನಾಕು." ಆ ಭಯದಲ್ಲೂ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. "ಹತ್ತು ತಿಂಗಳಾತು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಜ್ಜಿ ಬ್ಯಾನಿ ಈ ವಯಸ್ಸಿಗೆ ಬರೂದು ಭಾಳ ಅಪರೂಪ. ರಕ್ತ ಪರೀಕ್ಷಾ ಮಾಡಸೋಣು... ಆದ್ರ ಮೊದ್ಲ ನಿದ್ದಿ ಮಾಡು. ಹಗಲು ಓದಿದ್ದನ್ನ ಮೆದುಳು ಜೋಡಿಸಿ ಇಟ್ಕೊಳ್ಳೂದು ನೀ ಮಲಗಿದಾಗ. ಮೂರು ವಾರ, ದಿನಾ ಏಳು ತಾಸಿಗೆ ಕಡಿಮಿ ಆಗಬಾರದು."

"ಪರೀಕ್ಷಾ ಎರಡ ತಿಂಗಳೈತ್ರಿ. ಎಲ್ಲಾರೂ ಮುಂದ ಹೋಗ್ತಾರ."

"ಹೋಗ್ಲಿ ಬಿಡು. ನೀ ಓದಿದ್ದು ನಿನ್ನ ತಲ್ಯಾಗ ಉಳೀಬೇಕಲ್ಲ?"

ಮರುದಿನ ಅವಳು ಬೋರ್ಡಿನ ಮುಂದೆ ನಿಂತಳು. ಏಳು ಅಂತ ಬರೆದು ತಲೆ ತಗ್ಗಿಸಿ ಕೂತಳು.

"ರಜಾ ಮ್ಯಾಲ ಅದೀರೇನ್ರಿ ಅಕ್ಕಾರ?" ಅಂದರು ಪಕ್ಕದವರು. ದಿನಾ ಅದೇ ಮಾತು... ದಿನಾ ಅದೇ ಏಳು.

ಎಂಟನೇ ದಿನ ಚಹಾ ಕುಡಿಯುವಾಗ ಗುರುನಾಥ ಕೇಳಿದ, "ಆರಾಮಿಲ್ಲೇನ್ರಿ?"

ಅವಳು ಎಲ್ಲ ಹೇಳಿದಳು. ಎರಡನೇ ಸಲ ಹಿಡಿದ ತಟ್ಟೆ... ಅಜ್ಜಿ... ಹತ್ತು ತಿಂಗಳ ನಾಲ್ಕು ತಾಸು.

ಗುರುನಾಥನ ಕೈಯಲ್ಲಿದ್ದ ಕಪ್ಪು ಹಾಗೇ ನಿಂತಿತು. "ಖರೇನ ನಾಕ ತಾಸು ಮಲಗತಿದ್ರಿ?"

"ಹೌದು. ಬೋರ್ಡಿನ್ಯಾಗ ದಿನಾ ಬರೀತಿದ್ನಲ್ಲ."

ಅವನು ಕುಡಿಯದ ಚಹಾ ಪಕ್ಕಕ್ಕಿಟ್ಟ.

"ನಾ ಏಳ ತಾಸು ಮಲಗತೀನ್ರಿ ಅಕ್ಕಾರ... ದಿನಾ. ಮೂರು ಅಂತ ಸುಮ್ಮ ಬರೀತೀನಿ. ಎಲ್ಲಾರೂ ಹಂಗ ಬರೀತಾರಂತ ತಿಳ್ಕೊಂಡಿದ್ದೆ... ಅದನ್ನ ನೋಡಿ ಖರೇನ ನಿದ್ದಿ ಬಿಡಾವ್ರು ಇರ್ತಾರಂತ ಹೊಳೀಲೇ ಇಲ್ಲ."

ಅವನ ಕಣ್ಣು ತುಂಬಿಬಂತು. ಅವಳ ಕಣ್ಣೀರು ಆಗಲೇ ಹರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಗುರುನಾಥನ ಹೆಸರಿನ ಮುಂದೆ ಏಳು. ಅವನ ಕೆಳಗೆ ಆರೂವರೆ... ಎಂಟು... ಏಳು. ಒಬ್ಬ ಒಂಬತ್ತು ಅಂತ ಬರೆದು ಯಾರ ಮುಖವನ್ನೂ ನೋಡದೆ ಒಳಗೆ ಹೋದ.

ನಲವತ್ತು ಹೆಸರುಗಳಲ್ಲಿ ನಿಜವಾಗಿ ನಿದ್ದೆಗೆಟ್ಟವಳು ದಾಕ್ಷಾಯಣಿಯೊಬ್ಬಳೇ.

ಮೂರು ವಾರ ಕಳೆಯಿತು. ರಕ್ತ ಪರೀಕ್ಷೆಯಲ್ಲಿ ದೋಷವೇನೂ ಕಂಡಿರಲಿಲ್ಲ. ಓದಿದ ಪುಟ ಮರುದಿನವೂ ಓದಿದ ಪುಟದಂತೆಯೇ ಕಾಣತೊಡಗಿತು. ಅವತ್ತು ಅವಳು ಮನೆಗೆ ಫೋನ್ ಮಾಡಿ, ಅದನ್ನು ಅಜ್ಜಿಯ ಕೈಗೆ ಕೊಡಿಸಿದಳು.

"ಉಂಡೇನು ಅಜ್ಜಿ?"

"ಯಾರೂ ಕೊಟ್ಟಿಲ್ಲವಾ..."

ಈ ಸಲ ಅವಳು ಗದರಲಿಲ್ಲ. "ಹೌದಾ? ತಡಿ, ಅವ್ವಗ ಹೇಳ್ತೀನಿ. ಇನ್ನೊಂದ್ ತುತ್ತು ಹಾಕ್ತಾಳ."

*ಇನ್ನೊಬ್ಬರು ಬರೆದ ಅಂಕಿ ನೋಡಿ ನಿಮ್ಮ ನಿದ್ದೆ ಕಳೆದುಕೊಳ್ಳಬೇಡಿ.*

ನಿನ್ನೆ ನೀವು ನಿಜವಾಗಿ ಎಷ್ಟು ತಾಸು ಮಲಗಿದ್ದಿರಿ? ನಿಮ್ಮ ಮಾತು ಕೇಳಿ ಯಾರು ಮಲಗದೇ ಉಳಿದರು?

ಆ ಹತ್ತು ತಿಂಗಳು ದಾಕ್ಷಾಯಣಿಯ ತಲೆಯಲ್ಲಿ ಏನಾದರೂ ಕುರುಹು ಬಿಟ್ಟಿದೆಯೇ? ಡಾಕ್ಟರನ್ನು ಕೇಳಿದ್ದಳಂತೆ. "ಅದು ನನಗೂ ಗೊತ್ತಿಲ್ಲವಾ" ಅಂದರಂತೆ.

ನೌಕರಿಯ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ... ನನಗೆ ತಿಳಿದದ್ದು ಇಷ್ಟೇ.